ಹೆರಿಗೆ ಹೊಲಿಗೆ ಮಾಯ್ದರೂ ಹೋಗದ ತೊಂದರೆ: ಎಲ್ಲಿಂದ ಶುರು ಮಾಡಬೇಕು

ಮಗಳಿಗೆ ಒಂಬತ್ತು ತಿಂಗಳಾದಾಗ ಚಿಕ್ಕಪ್ಪನ ಮಗಳ ಮದುವೆ ಇತ್ತು. ಕಲ್ಯಾಣ ಮಂಟಪದೊಳಗೆ ಕಾಲಿಟ್ಟ ಕೂಡಲೇ ನನ್ನ ಕಣ್ಣು ಹುಡುಕಿದ್ದು ಟಾಯ್ಲೆಟ್ ಎಲ್ಲಿದೆ ಅಂತ. ಪಂಕ್ತಿಯಲ್ಲಿ ಊಟಕ್ಕೆ ಕೂರಲಿಲ್ಲ. ಕೂತರೆ ನಡುವೆ ಎದ್ದು ಓಡಬೇಕಾದೀತು ಅನ್ನೋ ಭಯ. ಗ್ಯಾಸ್ ಬಂದರೆ ತಡೆಯೋಕೆ ಆಗುತ್ತಿರಲಿಲ್ಲ. ಎರಡಕ್ಕೆ ಹೋಗಬೇಕು ಅನ್ನಿಸಿದರೆ ಒಂದೆರಡು ನಿಮಿಷದೊಳಗೆ ಹೋಗಲೇಬೇಕಿತ್ತು.

ಹೆರಿಗೆಯಲ್ಲಿ ನನಗೆ ಮೂರನೇ ಡಿಗ್ರಿ ಗಾಯ ಆಗಿತ್ತು. ಅದು ನನಗೆ ಗೊತ್ತಾಗಿದ್ದು ಹನ್ನೊಂದು ತಿಂಗಳ ಮೇಲೆ, ಬೇರೆ ಡಾಕ್ಟರ್ ಹಳೇ ಪೇಪರ್ ಓದಿ ಹೇಳಿದಾಗ. ಅಲ್ಲಿಯವರೆಗೂ ಎಲ್ಲರೂ ಹೇಳಿದ್ದು ಒಂದೇ ಮಾತು: "ಹೊಲಿಗೆ ಚೆನ್ನಾಗಿ ಒಣಗಿದೆ."

ಹೊಲಿಗೆ ಒಣಗುವುದು ಬೇರೆ, ಒಳಗಿನ ಸ್ನಾಯು ಮೊದಲಿನ ಹಾಗೆ ಕೆಲಸ ಮಾಡುವುದು ಬೇರೆ. ಈ ವ್ಯತ್ಯಾಸವನ್ನು ನನಗೆ ಯಾರೂ ಹೇಳಲಿಲ್ಲ. ಅದಕ್ಕೇ ಈ ಲೇಖನ. ಹೆರಿಗೆಯಾಗಿ ಮೂರು ತಿಂಗಳಾಗಿರಲಿ, ಮೂವತ್ತು ವರ್ಷವಾಗಿರಲಿ, ಕೆಳಗೆ ನೋವು, ಸೋರಿಕೆ, ಭಾರ ಇನ್ನೂ ಉಳಿದಿದ್ದರೆ ಇದು ನಿಮಗೆ. ನಾನು ಡಾಕ್ಟರ್ ಅಲ್ಲ. ಇದೇ ದಾರಿಯಲ್ಲಿ ನಡೆದು ಬಂದವಳು.

ಮೊದಲು: ನಿಮಗೆ ಆಗಿದ್ದು ಯಾವ ಗಾಯ ಅಂತ ತಿಳಿದುಕೊಳ್ಳಿ

ಮೊದಲ ಹೆರಿಗೆ ಸಹಜವಾಗಿ ಆದಾಗ 10ರಲ್ಲಿ 9 ಹೆಂಗಸರಿಗೆ ಒಂದಲ್ಲ ಒಂದು ಥರ ಹರಿಯುತ್ತದೆ, ತರಚುತ್ತದೆ, ಇಲ್ಲವೇ ಡಾಕ್ಟರೇ ಕುಯ್ದು ದಾರಿ ಮಾಡಿರುತ್ತಾರೆ. ಹೆಚ್ಚಿನವು ಸಣ್ಣ ಗಾಯ. ಎಲ್ಲಿಯವರೆಗೆ ಹರಿದಿದೆ ಅನ್ನುವುದರ ಮೇಲೆ ನಾಲ್ಕು ಡಿಗ್ರಿ ಮಾಡಿದ್ದಾರೆ.

ಮೊದಲನೇ ಡಿಗ್ರಿ ಅಂದರೆ ಬರೀ ಚರ್ಮ. ಎರಡನೆಯದು ಯೋನಿಗೂ ಮಲದ್ವಾರಕ್ಕೂ ನಡುವಿನ ಜಾಗದ ಸ್ನಾಯುವರೆಗೆ. ಡಾಕ್ಟರ್ ಕತ್ತರಿಯಿಂದ ಕುಯ್ದಿದ್ದರೆ, ಅಂದರೆ ಎಪಿಸಿಯೋಟಮಿ ಆಗಿದ್ದರೆ, ಅದೂ ಹೆಚ್ಚುಕಡಿಮೆ ಈ ಎರಡನೇ ಡಿಗ್ರಿಯಷ್ಟೇ ಆಳ. ಮೂರನೆಯದು ಮಲದ್ವಾರದ ಸುತ್ತ ಉಂಗುರದ ಹಾಗೆ ಇರುವ ಸ್ನಾಯುವನ್ನು ಮುಟ್ಟಿರುತ್ತದೆ. ಈ ಉಂಗುರಕ್ಕೆ ಹೊರಗೊಂದು, ಒಳಗೊಂದು ಪದರ ಇದೆ. ಹೊರಗಿನದು ಅರ್ಧಕ್ಕಿಂತ ಕಡಿಮೆ ಹರಿದಿದ್ದರೆ 3ಎ, ಅರ್ಧಕ್ಕಿಂತ ಜಾಸ್ತಿ ಹರಿದಿದ್ದರೆ 3ಬಿ, ಒಳಗಿನದೂ ಹರಿದಿದ್ದರೆ 3ಸಿ. ನಾಲ್ಕನೇ ಡಿಗ್ರಿಯಲ್ಲಿ ಮಲದ್ವಾರದ ಒಳಗೋಡೆಯೂ ಹರಿದಿರುತ್ತದೆ.

ಈಗ ಬೀರುವಿನಿಂದ ನಿಮ್ಮ ಡಿಸ್ಚಾರ್ಜ್ ಪೇಪರ್ ತೆಗೆಯಿರಿ. ಜೊತೆಗೆ ತಾಯಿ ಕಾರ್ಡ್ ಕೂಡ. ನಮ್ಮ ಕಡೆಯ ಆಸ್ಪತ್ರೆಗಳಲ್ಲಿ "ಎಫ್‌ಟಿಎನ್‌ಡಿ ವಿತ್ ಆರ್‌ಎಂಎಲ್‌ಇ" ಅಂತ ಗೀಚಿರುವುದು ಸಾಮಾನ್ಯ. ದಿನ ತುಂಬಿದ ನಾರ್ಮಲ್ ಹೆರಿಗೆ, ಬಲಗಡೆಗೆ ಓರೆಯಾಗಿ ಕುಯ್ದು ಹೊಲಿಗೆ ಹಾಕಿದ್ದೇವೆ ಅಂತ ಅದರ ಅರ್ಥ. ಥರ್ಡ್ ಡಿಗ್ರಿ, ಫೋರ್ತ್ ಡಿಗ್ರಿ, ಸಿಪಿಟಿ, ಓಎಎಸ್‌ಐ, ಸ್ಫಿಂಕ್ಟರ್ ರಿಪೇರಿ ಅನ್ನುವ ಮಾತುಗಳಿದ್ದರೆ ಉಂಗುರದ ಸ್ನಾಯುವಿಗೆ ಪೆಟ್ಟಾಗಿತ್ತು ಅಂತ ತಿಳಿಯಿರಿ. ವ್ಯಾಕ್ಯೂಮ್ ಅಥವಾ ಫೋರ್ಸೆಪ್ಸ್ ಹಾಕಿದ್ದರೆ ಅದನ್ನೂ ಗುರುತು ಹಾಕಿಕೊಳ್ಳಿ. ಮಗುವಿನ ತೂಕ, ಎಷ್ಟು ಹೊತ್ತು ಮುಕ್ಕಿದ್ದಿರಿ ಅನ್ನುವುದೂ ಬೇಕಾಗುತ್ತದೆ.

ಪೇಪರ್ ಕಳೆದುಹೋಗಿದೆಯಾ? ಹೆರಿಗೆಯಾದ ಆಸ್ಪತ್ರೆಗೆ ಒಂದು ಅರ್ಜಿ ಬರೆದುಕೊಡಿ. ವೈದ್ಯರ ನಡತೆಗೆ ಸಂಬಂಧಿಸಿದ 2002ರ ನಿಯಮಗಳ ಪ್ರಕಾರ, ಒಳರೋಗಿಗಳ ದಾಖಲೆಯನ್ನು 3 ವರ್ಷ ಇಟ್ಟಿರಬೇಕು. ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಕೌಂಟರಿನಲ್ಲಿ "ಅದೆಲ್ಲ ಕೊಡಲ್ಲಮ್ಮ" ಅಂದರೆ ಈ ಎರಡು ಅಂಕಿಗಳನ್ನು ಹೇಳಿ.

ಇನ್ನೊಂದು ಮಾತು. ಪೇಪರಿನಲ್ಲಿ ಬರೀ ಎಪಿಸಿಯೋಟಮಿ ಅಂತ ಇದ್ದು ನಿಮಗೆ ಗ್ಯಾಸ್, ಮಲ ತಡೆಯೋಕೆ ಆಗುತ್ತಿಲ್ಲ ಅಂದರೆ, ಪೇಪರ್ ನೋಡಿ ಸುಮ್ಮನಾಗಬೇಡಿ. ಹೆರಿಗೆ ಕೋಣೆಯ ಗಡಿಬಿಡಿಯಲ್ಲಿ ಉಂಗುರದ ಗಾಯ ಕಣ್ಣಿಗೆ ಬೀಳದೇ ಹೋಗುವುದುಂಟು. ಪೇಪರಿಗಿಂತ ನಿಮ್ಮ ಮೈ ಹೇಳುವುದನ್ನು ನಂಬಿ.

ಎರಡು ವಾರ ಒಂದು ಪುಸ್ತಕದಲ್ಲಿ ಬರೆದಿಡಿ

ಡಾಕ್ಟರ್ ಮುಂದೆ ಕೂತಾಗ ನಮಗೆ ಮಾತೇ ಬರುವುದಿಲ್ಲ. "ಸ್ವಲ್ಪ ತೊಂದರೆ ಡಾಕ್ಟ್ರೇ" ಅಂತ ಹೇಳಿ ಐರನ್ ಮಾತ್ರೆ ಬರೆಸಿಕೊಂಡು ಬರುತ್ತೇವೆ. ನಾನು ಎರಡು ಸಲ ಹಾಗೆ ಬಂದೆ. ಮೂರನೇ ಸಲ ಬರೆದುಕೊಂಡು ಹೋದೆ. ಆಗ ಮಾತು ಮುಂದೆ ಹೋಯಿತು.

ದಿನಕ್ಕೆ ಎಷ್ಟು ಸಲ ಎರಡಕ್ಕೆ ಹೋದಿರಿ, ಗಟ್ಟಿಯೋ ತೆಳುವೋ, ಎಷ್ಟು ನಿಮಿಷ ತಡೆದುಕೊಳ್ಳಲು ಸಾಧ್ಯವಾಯಿತು, ಒಳ ಉಡುಪಿಗೆ ಅಂಟಿತ್ತಾ, ಕೆಮ್ಮಿದಾಗ ಮೂತ್ರ ಹೋಯಿತಾ ಅಂತ ಬರೆಯಿರಿ. ಒಂದು ಸೂಕ್ಷ್ಮ ಮುಖ್ಯ. ಬರುವುದು ಗೊತ್ತಾಗಿಯೂ ತಡೆಯಲು ಆಗದೇ ಇರುವುದು ಒಂದು. ಬಂದದ್ದೇ ಗೊತ್ತಾಗದೆ ಬಟ್ಟೆಗೆ ಆಗಿರುವುದು ಇನ್ನೊಂದು. ಮೊದಲನೆಯದು ಸಾಮಾನ್ಯವಾಗಿ ಉಂಗುರದ ಹೊರಪದರದ ಸಮಸ್ಯೆ, ಎರಡನೆಯದು ಒಳಪದರದ್ದು. ಡಾಕ್ಟರಿಗೆ ಇದು ದೊಡ್ಡ ಸುಳಿವು.

ಸಂಜೆ ಹೊತ್ತಿಗೆ ಕೆಳಗೆ ಏನೋ ಜೋತುಬಿದ್ದ ಹಾಗೆ, ಚೆಂಡು ಸಿಕ್ಕಿದ ಹಾಗೆ ಅನ್ನಿಸುತ್ತದೆಯಾ? ಮಲ ಪೂರ್ತಿ ಬರಲು ಬೆರಳಿನಿಂದ ಒತ್ತಿ ಹಿಡಿಯಬೇಕಾಗುತ್ತದೆಯಾ? ಅದನ್ನೂ ಬರೆಯಿರಿ. ಇದನ್ನು ಯಾರಿಗೂ ಹೇಳದೆ ವರ್ಷಗಟ್ಟಲೆ ಮಾಡುವವರಿದ್ದಾರೆ. ಗರ್ಭಕೋಶ ಅಥವಾ ಗುದದ ಗೋಡೆ ಜಾರಿದಾಗ ಹೀಗಾಗುತ್ತದೆ. ಡಾಕ್ಟರುಗಳಿಗೆ ಇದು ಹೊಸದಲ್ಲ.

ಕೆಲವಕ್ಕೆ ಎರಡು ವಾರ ಕಾಯಬೇಡಿ. ಯೋನಿಯ ದಾರಿಯಲ್ಲಿ ಗ್ಯಾಸ್ ಅಥವಾ ಮಲ ಬಂದರೆ, ಎರಡು ದಾರಿಗಳ ನಡುವೆ ತೂತು ಬಿದ್ದಿರಬಹುದು. ಹೊಲಿಗೆ ಬಿಚ್ಚಿಕೊಂಡರೆ, ಕೀವು, ಕೆಟ್ಟ ವಾಸನೆ, ಜ್ವರ ಇದ್ದರೆ, ಮೂತ್ರ ಕಟ್ಟಿಕೊಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಹೊಸದಾಗಿ ಹೆತ್ತವರಿಗೆ ಮನೆ ಬಾಗಿಲಲ್ಲೇ ಒಂದು ಅವಕಾಶ ಇದೆ. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಬರಬೇಕು. ಅವರು ಮಗುವಿನ ತೂಕ ನೋಡುತ್ತಾರೆ. ಆಗ ನಿಮ್ಮ ಮಾತನ್ನೂ ಎತ್ತಿ. "ಅಕ್ಕಾ, ನನಗೆ ತಡೆಯೋಕೆ ಆಗ್ತಿಲ್ಲ" ಅಂದರೆ ಸಾಕು. ಎಲ್ಲಿ ತೋರಿಸಬೇಕು ಅಂತ ಅವರಿಗೆ ಗೊತ್ತಿರುತ್ತದೆ.

ಡಾಕ್ಟರ್ ಹತ್ತಿರ ಹೇಳುವ ಮಾತು

ನಮ್ಮ ಭಾಷೆಯಲ್ಲಿ ಆ ಜಾಗಕ್ಕೆ ಬೈಗುಳದ ಹೆಸರಿದೆ, ಇಲ್ಲವೇ ಪುಸ್ತಕದ ಹೆಸರಿದೆ. ಮನೆಯಲ್ಲಿ "ಕೆಳಗೆ" ಅಂತಷ್ಟೇ ಅನ್ನುತ್ತೇವೆ. ಡಾಕ್ಟರ್ ಹತ್ತಿರ "ಕೆಳಗೆ ನೋವು" ಅಂದರೆ ಮೂತ್ರದ ಸೋಂಕು ಅಂದುಕೊಂಡು ಬಿಡುತ್ತಾರೆ. ಅದಕ್ಕೆ ವಾಕ್ಯಗಳನ್ನೇ ಕಲಿತು ಹೋಗಿ. ನಾನು ಕನ್ನಡಿ ಮುಂದೆ ನಿಂತು ಹೇಳಿ ಅಭ್ಯಾಸ ಮಾಡಿದ್ದು ಇವು:

"ಹೆರಿಗೆ ಆದಾಗಿನಿಂದ ಗ್ಯಾಸ್ ತಡೆಯೋಕೆ ಆಗ್ತಿಲ್ಲ."
"ಎರಡಕ್ಕೆ ಅರ್ಜೆಂಟ್ ಆದರೆ ಎರಡು ನಿಮಿಷ ಕೂಡ ತಡೆಯೋಕೆ ಆಗಲ್ಲ. ತಿಂಗಳಲ್ಲಿ ಇಷ್ಟು ಸಲ ಬಟ್ಟೆಗೆ ಆಗಿದೆ."
"ಹೊಲಿಗೆ ಹಾಕಿದ ಜಾಗದಲ್ಲಿ, ಗಂಡನ ಜೊತೆ ಸೇರುವಾಗ ತಡೆಯಲಾಗದ ನೋವು."
"ನನ್ನ ಮಲದ್ವಾರದ ಸ್ನಾಯು ಪರೀಕ್ಷೆ ಮಾಡಿ ನೋಡ್ತೀರಾ?"

ಕೊನೆಯ ವಾಕ್ಯ ಬಹಳ ಮುಖ್ಯ. ಬರೀ ಹೊರಗಿನಿಂದ ನೋಡಿದರೆ ಈ ತೊಂದರೆ ಕಾಣುವುದಿಲ್ಲ. ಗ್ಲೌಸ್ ಹಾಕಿಕೊಂಡು ಮಲದ್ವಾರದೊಳಗೆ ಬೆರಳಿಟ್ಟು, ಬಿಗಿ ಹಿಡಿಯಿರಿ ಅಂತ ಹೇಳಿ ನೋಡಬೇಕು. ಮುಜುಗರ ಆಗುತ್ತದೆ, ನಿಜ. ಒಂದು ನಿಮಿಷದಲ್ಲಿ ಮುಗಿಯುತ್ತದೆ. ಲೇಡಿ ಡಾಕ್ಟರ್ ಬೇಕು ಅಂತ ಕೇಳಬಹುದು. ಜೊತೆಗೆ ಬಂದ ಅತ್ತೆಯನ್ನೋ ಅಮ್ಮನನ್ನೋ ಹೊರಗೆ ಕೂರಿಸಲೂಬಹುದು. "ಸ್ವಲ್ಪ ಒಬ್ಬಳೇ ಮಾತಾಡಬೇಕು" ಅಂತ ನರ್ಸ್‌ಗೆ ಹೇಳಿದರೆ ಅವರೇ ಆ ಕೆಲಸ ಮಾಡಿಕೊಡುತ್ತಾರೆ.

ಯಾರ ಹತ್ತಿರ ಹೋಗಬೇಕು? ಶುರು ಸ್ತ್ರೀರೋಗ ತಜ್ಞರಿಂದ. ಸರ್ಕಾರಿ ಆಸ್ಪತ್ರೆಯಾದರೆ ಓಬಿಜಿ, ಅಂದರೆ ಹೆರಿಗೆ ಮತ್ತು ಸ್ತ್ರೀರೋಗ ವಿಭಾಗದ ಹೊರರೋಗಿ ಚೀಟಿ ಮಾಡಿಸಿ. ಮೂತ್ರ ಸೋರಿಕೆ, ಗರ್ಭಕೋಶ ಜಾರುವಿಕೆಗೆ ಯುರೋಗೈನಕಾಲಜಿ ಓದಿದವರಿದ್ದಾರೆ. ಗ್ಯಾಸ್, ಮಲದ ಸೋರಿಕೆಗೆ ಕೊಲೊರೆಕ್ಟಲ್ ಸರ್ಜನ್, ಅಂದರೆ ದೊಡ್ಡ ಕರುಳು ಮತ್ತು ಗುದದ ತಜ್ಞರು. ಸರ್ಜನ್ ಅಂದ ಕೂಡಲೇ ಆಪರೇಷನ್ ಅಂತ ಹೆದರಬೇಡಿ. ಉಂಗುರದ ಸ್ನಾಯುವಿನ ಸ್ಕ್ಯಾನ್ ಮತ್ತು ಅದರ ಬಿಗಿ ಅಳೆಯುವ ಮ್ಯಾನೋಮೆಟ್ರಿ ಪರೀಕ್ಷೆ ಬರೆಯುವುದು ಅವರೇ. ಸ್ಕ್ಯಾನಿಗೆ ಬೆರಳು ಗಾತ್ರದ ಕಡ್ಡಿಯನ್ನು ಮಲದ್ವಾರದೊಳಗೆ ಇಡುತ್ತಾರೆ. ಒತ್ತಿದ ಹಾಗೆ ಅನ್ನಿಸುತ್ತದೆ, ಅಷ್ಟೇ.

ಯಾರಾದರೂ "ಮಗು ಆದಮೇಲೆ ಇದೆಲ್ಲ ಇದ್ದದ್ದೇ" ಅಂದರೆ, ಆ ಡಾಕ್ಟರನ್ನು ಬದಲಿಸಿ. ಇದನ್ನು ಕೋಪದಿಂದ ಹೇಳುತ್ತಿಲ್ಲ. ಬ್ರಿಟನ್ನಿನ ಪ್ರಸೂತಿ ವೈದ್ಯರ ರಾಯಲ್ ಕಾಲೇಜು 2015ರಲ್ಲಿ ಹೊರಡಿಸಿದ ಮಾರ್ಗಸೂಚಿ ನೋಡಿ. ಉಂಗುರದ ಸ್ನಾಯುವನ್ನು ಸರಿಯಾಗಿ ಹೊಲಿದವರಲ್ಲಿ 100ಕ್ಕೆ 60ರಿಂದ 80 ಹೆಂಗಸರಿಗೆ ಒಂದು ವರ್ಷದ ಹೊತ್ತಿಗೆ ಯಾವ ತೊಂದರೆಯೂ ಇರುವುದಿಲ್ಲ. ಅಂದರೆ ವರ್ಷವಾದರೂ ನಿಮಗೆ ತೊಂದರೆ ಇದೆ ಅಂದರೆ ಅದು "ಇದ್ದದ್ದೇ" ಅಲ್ಲ. ಚಿಕಿತ್ಸೆ ಬೇಕಾದ ತೊಂದರೆ.

ವ್ಯಾಯಾಮ: ಅವಸರ ಬೇಡ, ತಪ್ಪಿಸಬೇಡಿ

ನನಗೆ ಅತಿ ಹೆಚ್ಚು ಉಪಯೋಗ ಆದದ್ದು ಇದೇ. ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಸೊಂಟದ ಮೂಳೆಯ ತಳದಲ್ಲಿ, ಮುಂದಿನಿಂದ ಹಿಂದಕ್ಕೆ ಜೋಲಿಯ ಹಾಗೆ ಒಂದು ಸ್ನಾಯುಗಳ ಹಾಸು ಇದೆ. ಪೆಲ್ವಿಕ್ ಫ್ಲೋರ್ ಅಂತಾರೆ. ಮೂತ್ರಕೋಶ, ಗರ್ಭಕೋಶ, ಗುದ ಮೂರೂ ಅದರ ಮೇಲೆ ಕೂತಿವೆ. ಆ ಹಾಸನ್ನು ಗಟ್ಟಿ ಮಾಡುವ ವ್ಯಾಯಾಮಕ್ಕೆ ಕೆಗೆಲ್ ಅಂತ ಹೆಸರು. ಅಮೆರಿಕದ ಡಾಕ್ಟರ್ ಆರ್ನಲ್ಡ್ ಕೆಗೆಲ್ 1948ರಲ್ಲಿ ಅದರ ಬಗ್ಗೆ ಬರೆದರು. ಯೋಗ ಕಲಿತವರಿಗೆ ಮೂಲಬಂಧ, ಅಶ್ವಿನಿ ಮುದ್ರೆ ಗೊತ್ತಿರುತ್ತದೆ. ಹಿಡಿಯುವ ಸ್ನಾಯು ಹೆಚ್ಚುಕಡಿಮೆ ಅದೇ.

ಮೊದಲು ಮಲಗಿಕೊಂಡು ಮಾಡಿ. ಮಂಡಿ ಮಡಚಿ, ಪಾದ ನೆಲಕ್ಕೆ ಊರಿ. ನಾಲ್ಕು ಜನರ ನಡುವೆ ಗ್ಯಾಸ್ ತಡೆಯುವಾಗ ಹಿಂದೆ ಹೇಗೆ ಬಿಗಿ ಹಿಡಿಯುತ್ತೀರೋ ಹಾಗೆ ಹಿಡಿಯಿರಿ. ಅದೇ ಬಿಗಿಯನ್ನು ಮುಂದಕ್ಕೆ, ಮೂತ್ರ ತಡೆಯುವ ಜಾಗದವರೆಗೆ ಎಳೆದುಕೊಳ್ಳಿ. ಒಳಗೆ, ಮೇಲಕ್ಕೆ ಎತ್ತಿದ ಹಾಗೆ ಅನ್ನಿಸಬೇಕು. ಹೊಟ್ಟೆ, ತೊಡೆ, ಕುಂಡಿ ಬಿಗಿಯಾಗಬಾರದು. ಉಸಿರು ಹಿಡಿಯಬಾರದು. ಅನುಮಾನವಿದ್ದರೆ ಗಟ್ಟಿಯಾಗಿ ಒಂದು, ಎರಡು, ಮೂರು ಅಂತ ಎಣಿಸಿ. ಮಾತಾಡುತ್ತಿದ್ದರೆ ಉಸಿರು ತಾನಾಗಿ ಆಡುತ್ತದೆ.

ಮೂರು ಎಣಿಕೆ ಹಿಡಿಯಿರಿ, ಪೂರ್ತಿ ಸಡಿಲ ಬಿಡಿ. ಬಿಡುವುದು ಹಿಡಿದಷ್ಟೇ ಮುಖ್ಯ. ಹೀಗೆ 8 ಸಲ. ದಿನಕ್ಕೆ ಮೂರು ಹೊತ್ತು. ವಾರ ಕಳೆದ ಹಾಗೆ ಎಣಿಕೆಯನ್ನು ಐದಕ್ಕೆ, ಆಮೇಲೆ ಹತ್ತರವರೆಗೆ ಏರಿಸಿ. ಪ್ರತಿ ಸಲ ಕೊನೆಯಲ್ಲಿ ಟಕ್ ಟಕ್ ಅಂತ ಬೇಗ ಹಿಡಿದು ಬಿಡುವುದು ಒಂದಿಷ್ಟು. ಸೀನು ಬಂದಾಗ ಕೆಲಸಕ್ಕೆ ಬರುವುದು ಈ ಚುರುಕು. ಒಂದು ತಿಂಗಳು ಕಳೆದ ಮೇಲೆ ಕೂತು, ಆಮೇಲೆ ನಿಂತು ಮಾಡಿ.

ಕಡಿಮೆ ಅಂದರೂ ಮೂರು ತಿಂಗಳು ಬಿಡದೆ ಮಾಡಬೇಕು. ಮೊದಲ ಐದು ವಾರ ನನಗೆ ಏನೂ ಗೊತ್ತಾಗಲಿಲ್ಲ. ಬಿಟ್ಟುಬಿಡೋಣ ಅನ್ನಿಸಿತ್ತು. ಏಳನೇ ವಾರ ಸಿಟಿ ಬಸ್ಸಿನಲ್ಲಿ ಸೀನಿದೆ, ಬಟ್ಟೆ ಒಣಗಿಯೇ ಇತ್ತು. ಅವತ್ತು ಅಲ್ಲೇ ಕಣ್ಣಲ್ಲಿ ನೀರು ಬಂತು. ನೆನಪಿಡಲು ಮಗುವಿಗೆ ಹಾಲು ಕುಡಿಸುವ ಹೊತ್ತಿಗೆ ಇದನ್ನು ಗಂಟು ಹಾಕಿ. ದಿನಕ್ಕೆ ಮೂರು ಹೊತ್ತಿಗಿಂತ ಜಾಸ್ತಿಯೇ ಹಾಲು ಕುಡಿಸುತ್ತೀರಿ, ಅಲ್ವಾ?

ಮೂತ್ರ ಮಾಡುವಾಗ ನಡುವೆ ತಡೆದು ತಡೆದು ಅಭ್ಯಾಸ ಮಾಡಬೇಡಿ. ಮೂತ್ರಕೋಶ ಪೂರ್ತಿ ಖಾಲಿಯಾಗದೆ ಬೇರೆ ತೊಂದರೆ ಆಗುತ್ತದೆ. ಕೆಮ್ಮು, ಸೀನು ಬರುವ ಮುಂಚೆ, ಮಗುವನ್ನು, ನೀರಿನ ಕೊಡವನ್ನು ಎತ್ತುವ ಮುಂಚೆ ಒಂದು ಸಲ ಬಿಗಿ ಹಿಡಿದು ಆಮೇಲೆ ಎತ್ತಿ. ಗ್ಯಾಸ್ ಸಿಲಿಂಡರ್ ಸರಿಸುವ ಕೆಲಸ ಸದ್ಯಕ್ಕೆ ಬೇರೆಯವರದು.

ಆದರೆ ಎಲ್ಲರಿಗೂ ಇದು ಮೊದಲ ಮದ್ದಲ್ಲ. ನಿಮ್ಮ ಮುಖ್ಯ ತೊಂದರೆ ನೋವಾಗಿದ್ದರೆ, ಬಿಗಿ ಹಿಡಿದಾಗ ನೋವು ಜಾಸ್ತಿಯಾದರೆ, ಆ ಸ್ನಾಯು ಮೊದಲೇ ಸೆಟೆದುಕೊಂಡಿರಬಹುದು. ಆಗ ಕೆಗೆಲ್ ಮಾಡಿದರೆ ಇನ್ನೂ ಸೆಟೆಯುತ್ತದೆ. ನಿಮಗೆ ಬೇಕಾದ್ದು ಸಡಿಲಿಸುವುದನ್ನು ಕಲಿಯುವುದು. ಹೊಟ್ಟೆ ಉಬ್ಬುವ ಹಾಗೆ ನಿಧಾನ ಉಸಿರು ಎಳೆದುಕೊಂಡು, ಕೆಳಗಿನ ಜಾಗ ಹೂವಿನ ಹಾಗೆ ಬಿಚ್ಚಿಕೊಳ್ಳಲಿ ಅಂತ ಬಿಡುವುದು. ಯಾವುದು ಬೇಕು ಅಂತ ಹೇಳಬಲ್ಲವರು ಪೆಲ್ವಿಕ್ ಫ್ಲೋರ್ ಕಲಿತ ಫಿಸಿಯೊಥೆರಪಿಸ್ಟ್. ಬೆಂಗಳೂರಿನಂಥ ದೊಡ್ಡ ಊರುಗಳಲ್ಲಿ ಸಿಗುತ್ತಾರೆ. ಊರು ದೂರವಾದರೆ ಒಂದು ಸಲ ಖುದ್ದಾಗಿ ಹೋಗಿ ತೋರಿಸಿ, ಮುಂದಿನದನ್ನು ವಿಡಿಯೋ ಕರೆಯಲ್ಲಿ ಮಾಡಬಹುದಾ ಅಂತ ಕೇಳಿ. ಬಯೋಫೀಡ್‌ಬ್ಯಾಕ್ ಅನ್ನುವ ಯಂತ್ರ ಇದ್ದರೆ, ನೀವು ಹಿಡಿದ ಬಿಗಿ ಪರದೆಯ ಮೇಲೆ ಗೆರೆಯಾಗಿ ಕಾಣುತ್ತದೆ. ಕಾಣದ ಸ್ನಾಯುವನ್ನು ಕಣ್ಣಿಂದ ನೋಡಿದ ಹಾಗಾಗುತ್ತದೆ.

ಊಟ, ನೀರು, ಟಾಯ್ಲೆಟ್

ಬಾಣಂತನದ ಪಥ್ಯದ ಬಗ್ಗೆ ಹೇಳಲೇಬೇಕು. ಅಮ್ಮ, ಅಜ್ಜಿ ಪ್ರೀತಿಯಿಂದಲೇ ಮಾಡುತ್ತಾರೆ. ಮೆಣಸಿನ ಸಾರು, ಬೆಳ್ಳುಳ್ಳಿ, ಅಂಟಿನುಂಡೆ, ಎಣ್ಣೆ ನೀರು, ಇವು ಯಾವುದಕ್ಕೂ ನನ್ನ ತಕರಾರಿಲ್ಲ. ಆದರೆ ನೀರು ಕಡಿಮೆ ಕುಡಿಸುವುದು, ಹಣ್ಣು ತರಕಾರಿ ನಿಲ್ಲಿಸುವುದು ಹೊಲಿಗೆ ಬಿದ್ದ ಹೆಂಗಸಿಗೆ ಒಳ್ಳೆಯದಲ್ಲ. ಹೊಟ್ಟೆ ಕಟ್ಟುತ್ತದೆ, ಮುಕ್ಕಬೇಕಾಗುತ್ತದೆ. ಮುಕ್ಕಿದಷ್ಟೂ ಮಾಯುತ್ತಿರುವ ಜಾಗ ಎಳೆಯುತ್ತದೆ. ಹೊಟ್ಟೆ ಕರಗಲಿ ಅಂತ ಸೀರೆಯಿಂದ ಬಿಗಿಯಾಗಿ ಕಟ್ಟುವುದೂ ಹಾಗೇ. ಒತ್ತಡವೆಲ್ಲ ಕೆಳಗಿನ ಹಾಸಿನ ಮೇಲೆ ಬೀಳುತ್ತದೆ. ಅಮ್ಮನ ಜೊತೆ ಜಗಳ ಬೇಡ. ಸಬ್ಬಸಿಗೆ ಸೊಪ್ಪಿನ ಪಲ್ಯ ಪಥ್ಯದಲ್ಲೇ ಇದೆ, ಅದನ್ನು ಜಾಸ್ತಿ ಕೇಳಿ. ಬಿಸಿನೀರನ್ನಾದರೂ ಎರಡು ತಂಬಿಗೆ ಹೆಚ್ಚು ಇಡಿಸಿಕೊಳ್ಳಿ.

ಮಲ ಗಟ್ಟಿಯಾಗುವವರಿಗೆ ರಾಗಿ, ಸೊಪ್ಪು, ಪಪ್ಪಾಯಿ, ನೆನೆಸಿದ ಒಣದ್ರಾಕ್ಷಿ, ಸಾಕಷ್ಟು ನೀರು. ಸಾಲದಿದ್ದರೆ ಡಾಕ್ಟರನ್ನು ಕೇಳಿ ಲ್ಯಾಕ್ಟುಲೋಸ್ ಸಿರಪ್. ಹಾಲುಣಿಸುವವರಿಗೂ ಇದನ್ನು ಕೊಡುತ್ತಾರೆ.

ಸೋರಿಕೆ ಇರುವವರ ಲೆಕ್ಕ ಬೇರೆ. ತೆಳು ಮಲವನ್ನು ತಡೆಯುವುದು ಗಟ್ಟಿ ಮಲವನ್ನು ತಡೆಯುವುದಕ್ಕಿಂತ ಕಷ್ಟ. ಹಾಗಾಗಿ ಮೆತ್ತಗೆ, ಆದರೆ ರೂಪವಿರುವ ಹಾಗೆ ಮಾಡಿಕೊಳ್ಳುವುದು ಗುರಿ. ಇಸಬ್‌ಗೋಲ್ ಇದಕ್ಕೂ ಆಗುತ್ತದೆ. ಒಂದು ಚಮಚದಿಂದ ಶುರು ಮಾಡಿ, ನಾಲ್ಕೈದು ದಿನ ನೋಡಿ, ಏರಿಸಿ ಇಳಿಸಿ. ಬೆಳಗಿನ ಫಿಲ್ಟರ್ ಕಾಫಿ ಕರುಳನ್ನು ಎಬ್ಬಿಸುತ್ತದೆ. ಹೊರಗೆ ಹೋಗುವ ದಿನ ಅದನ್ನು ಬಿಡಿ, ಇಲ್ಲವೇ ಬೇಗ ಕುಡಿದು ಕೆಲಸ ಮುಗಿಸಿಕೊಂಡು ಹೊರಡಿ. ತಿಂಡಿಯಾಗಿ ಅರ್ಧ ಗಂಟೆಯೊಳಗೆ ಕರುಳು ತಾನಾಗಿ ಕದಲುತ್ತದೆ. ದಿನವೂ ಆ ಹೊತ್ತಿಗೇ ಹೋಗಿ ಕೂತರೆ ಉಳಿದ ದಿನ ನಿರಾಳ. ಅವರೆಕಾಯಿ ಕಾಲದಲ್ಲಿ ಗ್ಯಾಸ್ ಜಾಸ್ತಿ. ನಾನು ಹಿತಕವರೆ ಸಾರು ಬಿಟ್ಟಿಲ್ಲ, ಮಾರನೇ ದಿನ ರಜೆ ಇದ್ದಾಗ ಮಾಡುತ್ತೇನೆ. ತೀರಾ ತೆಳುವಾಗಿಯೇ ಹೋಗುತ್ತಿದ್ದರೆ ಲೋಪೆರಮೈಡ್ ಮಾತ್ರೆ ಇದೆ. ಎಷ್ಟು, ಯಾವಾಗ ಅನ್ನುವುದನ್ನು ಡಾಕ್ಟರ್ ಹೇಳಬೇಕು.

ಕೂರುವ ಭಂಗಿಗೆ ನಮ್ಮ ಇಂಡಿಯನ್ ಟಾಯ್ಲೆಟ್ ಒಳ್ಳೆಯದು. ಕಮೋಡ್ ಆದರೆ ಪಾದದ ಕೆಳಗೆ ಒಂದು ಗಿಡ್ಡ ಮಣೆ ಇಟ್ಟು, ಮಂಡಿ ಸೊಂಟಕ್ಕಿಂತ ಎತ್ತರ ಬರಲಿ. ಮುಂದಕ್ಕೆ ಬಾಗಿ. ತೊಳೆಯಲು ಬರೀ ನೀರು ಸಾಕು. ಆಂಟಿಸೆಪ್ಟಿಕ್ ದ್ರವ, ಸುವಾಸನೆಯ ಸೋಪು ಬೇಡ. ಉಜ್ಜದೆ, ಒತ್ತಿ ಒರೆಸಿ. ಚರ್ಮ ಉರಿಯುತ್ತಿದ್ದರೆ ಮಕ್ಕಳಿಗೆ ಹಚ್ಚುವ ಜಿಂಕ್ ಕ್ರೀಮ್ ತೆಳ್ಳಗೆ ಹಚ್ಚಿ.

ಹೊಲಿಗೆಯ ಗಂಟು, ಗಂಡ ಹೆಂಡತಿ ನಡುವಿನ ಮಾತು

ಹೊಲಿಗೆ ಮಾಯ್ದ ಜಾಗದಲ್ಲಿ ಚರ್ಮ ಗಂಟಾಗಿ, ಗಡುಸಾಗಿ ಇರಬಹುದು. ಆರು ವಾರ ಕಳೆದು, ಗಾಯ ಪೂರ್ತಿ ಮುಚ್ಚಿದೆ ಅಂತ ಡಾಕ್ಟರ್ ಹೇಳಿದ ಮೇಲೆ ಅಲ್ಲಿ ಮಸಾಜ್ ಮಾಡಬಹುದು. ಕೈ ತೊಳೆದು, ಉಗುರು ಕತ್ತರಿಸಿ, ಹೆಬ್ಬೆರಳಿಗೆ ಸ್ವಲ್ಪ ಕೊಬ್ಬರಿ ಎಣ್ಣೆ. ಗಂಟಿನ ಮೇಲೆ ಒತ್ತಿ ಹಿಡಿದು, ಚರ್ಮವನ್ನು ಅತ್ತಿತ್ತ ಸರಿಸಿ. ಎಳೆತ ಗೊತ್ತಾಗಬೇಕು, ಚುಚ್ಚುವ ನೋವು ಆಗಬಾರದು. ದಿನಕ್ಕೆ ಐದು ನಿಮಿಷ. ಮುಟ್ಟಿದರೆ ರಕ್ತ ಬರುವ ಕೆಂಪು ಮಾಂಸದ ಗುಳ್ಳೆ ಇದ್ದರೆ ಮಸಾಜ್ ಬೇಡ. ಡಾಕ್ಟರ್ ಕ್ಲಿನಿಕ್ಕಿನಲ್ಲೇ ಅದಕ್ಕೆ ಔಷಧಿ ಮುಟ್ಟಿಸಿ ಸುಡುತ್ತಾರೆ.

ಹಾಲುಣಿಸುವ ತಿಂಗಳುಗಳಲ್ಲಿ ಈಸ್ಟ್ರೋಜನ್ ಹಾರ್ಮೋನ್ ಕಡಿಮೆ ಇರುತ್ತದೆ. ಅದಕ್ಕೇ ಒಳಗೆ ಒಣಗಿದ ಹಾಗಾಗಿ ಉರಿಯುತ್ತದೆ. ಇದು ನಿಮ್ಮ ಮನಸ್ಸಿನ ತಪ್ಪಲ್ಲ, ಗಂಡನ ಮೇಲೆ ಪ್ರೀತಿ ಕಡಿಮೆಯಾದದ್ದೂ ಅಲ್ಲ. ಮೆಡಿಕಲ್ ಶಾಪಿನಲ್ಲಿ ನೀರಿನಂಶದ ಲೂಬ್ರಿಕಂಟ್ ಜೆಲ್ ಸಿಗುತ್ತದೆ. ಸಾಲದಿದ್ದರೆ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಬಗ್ಗೆ ಡಾಕ್ಟರನ್ನು ಕೇಳಿ. ಕಾಂಡೋಮ್ ಬಳಸುವವರು ಕೊಬ್ಬರಿ ಎಣ್ಣೆ ಹಚ್ಚಬಾರದು. ಎಣ್ಣೆ ತಾಗಿದರೆ ಅದು ಹರಿಯುತ್ತದೆ.

ನೋವು ಸಹಿಸಿಕೊಂಡು ಸೇರಬೇಡಿ. ಸಹಿಸಿದಷ್ಟೂ ಮೈ ಮುಂದಿನ ಸಲಕ್ಕೆ ಮೊದಲೇ ಸೆಟೆದುಕೊಳ್ಳುತ್ತದೆ. ನಾನು ನನ್ನವರಿಗೆ ಹೇಳಿದ್ದು ಇಷ್ಟು: "ನನಗೆ ಬೇಡ ಅಂತಲ್ಲ, ಗಾಯ ಇನ್ನೂ ನೋಯ್ತಿದೆ. ಡಾಕ್ಟರ್ ಹತ್ತಿರ ನೀವೂ ಬನ್ನಿ." ಬಂದರು. ಡಾಕ್ಟರ್ ಚಿತ್ರ ಬರೆದು ಎಲ್ಲಿ ಹರಿದಿತ್ತು ಅಂತ ತೋರಿಸಿದಾಗ ಅವರ ಮುಖ ನೋಡಬೇಕಿತ್ತು. ಆಮೇಲೆ ನಮ್ಮ ಮನೆಯಲ್ಲಿ ಆ ಮಾತು ಬಹಳ ಸುಲಭವಾಯಿತು.

ಹೊರಗೆ ಹೋಗುವಾಗ, ಕೆಲಸದಲ್ಲಿ

ಒಂದು ಸಣ್ಣ ಚೀಲ ಯಾವಾಗಲೂ ತಯಾರಿರಲಿ: ಎರಡು ಒಳ ಉಡುಪು, ಪ್ಯಾಡ್, ಜಿಪ್ ಇರುವ ಪ್ಲಾಸ್ಟಿಕ್ ಕವರ್, ಸಣ್ಣ ನೀರಿನ ಬಾಟಲಿ, ಒಂದು ಗಾಢ ಬಣ್ಣದ ಲೆಗ್ಗಿಂಗ್ಸ್. ದೂರದ ಬಸ್ಸಾದರೆ ಎಲ್ಲೆಲ್ಲಿ ನಿಲ್ಲಿಸುತ್ತೀರಿ ಅಂತ ಕಂಡಕ್ಟರನ್ನು ಮೊದಲೇ ಕೇಳಿ. ಸಾಧ್ಯವಾದರೆ ರೈಲು ಹಿಡಿಯಿರಿ, ಒಳಗೇ ಟಾಯ್ಲೆಟ್ ಇರುತ್ತದೆ.

ಕೆಲಸಕ್ಕೆ ಹೋಗುವವರಿಗೆ ಒಂದು ವಿಷಯ ಗೊತ್ತಿರಲಿ. ಮೊದಲೆರಡು ಮಕ್ಕಳಿಗೆ 26 ವಾರದ ಹೆರಿಗೆ ರಜೆ ಇದೆ ಅಂತ ಎಲ್ಲರಿಗೂ ಗೊತ್ತು. ಹೆರಿಗೆಯಿಂದ ಆದ ಕಾಯಿಲೆಗೆ, ಅದರ ಮೇಲೆ ಒಂದು ತಿಂಗಳವರೆಗೆ ಸಂಬಳದ ರಜೆಗೂ ಕಾನೂನಿನಲ್ಲಿ ಅವಕಾಶ ಇದೆ. ಡಾಕ್ಟರ ಸರ್ಟಿಫಿಕೇಟ್ ಬೇಕು. ಅದರಲ್ಲಿ "ಹೆರಿಗೆಯಿಂದ ಆದ ತೊಂದರೆ" ಅಂತ ಇದ್ದರೆ ಸಾಕು, ಎಲ್ಲಿ ಏನು ಅಂತ ಮ್ಯಾನೇಜರಿಗೆ ವಿವರಿಸುವ ಅಗತ್ಯ ಇಲ್ಲ.

ಮನಸ್ಸಿಗೆ

ಹೆರಿಗೆ ಕೋಣೆ ಕನಸಿನಲ್ಲಿ ಮತ್ತೆ ಮತ್ತೆ ಬರುವುದು, ಆಸ್ಪತ್ರೆ ವಾಸನೆಗೆ ಕೈ ನಡುಗುವುದು, ಮಗುವನ್ನು ನೋಡಿದರೂ ಏನೂ ಅನ್ನಿಸದಿರುವುದು, ಇವೂ ಆ ಗಾಯದ್ದೇ ಭಾಗ. "ಮಗು ಚೆನ್ನಾಗಿದೆಯಲ್ಲ, ಇನ್ನೇನು" ಅಂತ ಜನ ಹೇಳುತ್ತಾರೆ. ಮಗು ಚೆನ್ನಾಗಿರುವುದೂ ನಿಜ, ನೀವು ಚೆನ್ನಾಗಿಲ್ಲದಿರುವುದೂ ನಿಜ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿಗಾದರೂ ಫೋನ್ ಮಾಡಬಹುದು. ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ಸಾಯಬೇಕು ಅನ್ನಿಸಿದರೆ, ಮಗುವಿಗೆ ಏನಾದರೂ ಮಾಡಿಬಿಡುತ್ತೇನೋ ಅನ್ನಿಸಿದರೆ ಅದೇ ಕ್ಷಣ ಮನೆಯವರಿಗೆ ಹೇಳಿ, ಆಸ್ಪತ್ರೆಗೆ ಹೋಗಿ.

ವಯಸ್ಸಾದ ಮೇಲೆ ಬಂದವರಿಗೆ

ನನ್ನ ಪುಸ್ತಕದಲ್ಲಿ ನಾನು ಬರೆದದ್ದನ್ನು ಒಂದು ದಿನ ಅಮ್ಮ ಓದಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೂ ಹೀಗೇ ಕಣೇ" ಅಂದರು. ಅವರಿಗೆ ಐವತ್ತೆಂಟು. ಇಪ್ಪತ್ತರ ವಯಸ್ಸಿನಲ್ಲಿ ಹರಿದದ್ದು, ಆಗ ಅಷ್ಟಾಗಿ ತೊಂದರೆ ಕೊಟ್ಟಿರಲಿಲ್ಲ. ಮುಟ್ಟು ನಿಂತ ಮೇಲೆ ಶುರುವಾಗಿದೆ. ಹೀಗಾಗುವುದು ಬಹಳ ಸಾಮಾನ್ಯ. ಹಾರ್ಮೋನ್ ಇಳಿದಾಗ ಸ್ನಾಯು, ಚರ್ಮ ಸೊರಗುತ್ತವೆ. ಹರಿದ ಸ್ನಾಯುವಿನ ಕೆಲಸವನ್ನು ಇಷ್ಟು ವರ್ಷ ಬೇರೆ ಸ್ನಾಯುಗಳು ಹೊತ್ತಿದ್ದವು, ಈಗ ಅವಕ್ಕೂ ಆಗುವುದಿಲ್ಲ.

ವಯಸ್ಸಾಯಿತು ಅಂತ ಚಿಕಿತ್ಸೆ ಇಲ್ಲದಿಲ್ಲ. ವ್ಯಾಯಾಮ ಅರವತ್ತರಲ್ಲೂ ಕೆಲಸ ಮಾಡುತ್ತದೆ. ಗರ್ಭಕೋಶ ಜಾರಿದ್ದರೆ ಪೆಸರಿ ಅನ್ನುವ ಉಂಗುರವನ್ನು ಒಳಗಿಟ್ಟು ಎತ್ತಿ ಹಿಡಿಯುತ್ತಾರೆ, ಆಪರೇಷನ್ ಬೇಡದವರಿಗೆ ಅದು ದೊಡ್ಡ ಅನುಕೂಲ. ಉಂಗುರದ ಸ್ನಾಯುವನ್ನು ವರ್ಷಗಳ ಮೇಲೂ ಮತ್ತೆ ಹೊಲಿಯುವುದುಂಟು. ಬೆನ್ನಿನ ಕೆಳಗಿನ ನರಕ್ಕೆ ಸಣ್ಣ ಯಂತ್ರದಿಂದ ಮಿಡಿತ ಕೊಡುವ ಚಿಕಿತ್ಸೆಯೂ ಇದೆ. ಆಪರೇಷನ್ ಎಲ್ಲರಿಗೂ ಒಂದೇ ಥರ ಫಲ ಕೊಡುವುದಿಲ್ಲ, ಹೊಲಿದ ಸ್ನಾಯು ವರ್ಷ ಕಳೆದಂತೆ ಮತ್ತೆ ಸಡಿಲವಾಗಬಹುದು. ಅದಕ್ಕೇ ವ್ಯಾಯಾಮ, ಊಟ, ಔಷಧಿ ಎಲ್ಲ ಮಾಡಿ ನೋಡಿದ ಮೇಲೆ ಅದರ ಮಾತು.

ಇನ್ನೊಂದು ಮಗು ಬೇಕು ಅಂದರೆ

ಮೂರನೇ, ನಾಲ್ಕನೇ ಡಿಗ್ರಿ ಗಾಯ ಆದವರು ಮತ್ತೆ ಬಸಿರಾದಾಗ ಮೊದಲ ಭೇಟಿಯಲ್ಲೇ ಹೇಳಬೇಕು. ಒಂಬತ್ತನೇ ತಿಂಗಳಲ್ಲಿ ಹೇಳಿದರೆ ಪರೀಕ್ಷೆಗೆ ಹೊತ್ತಿರುವುದಿಲ್ಲ. ಹಳೇ ಡಿಸ್ಚಾರ್ಜ್ ಪೇಪರ್, ಸ್ಕ್ಯಾನ್ ಎರಡನ್ನೂ ಫೈಲಿಗೆ ಸೇರಿಸಿ.

ಅದೇ ಬ್ರಿಟಿಷ್ ಮಾರ್ಗಸೂಚಿಯ ಪ್ರಕಾರ, ಮುಂದಿನ ಸಹಜ ಹೆರಿಗೆಯಲ್ಲಿ ಮತ್ತೆ ಅಷ್ಟು ದೊಡ್ಡ ಗಾಯ ಆಗುವುದು 100ರಲ್ಲಿ 5ರಿಂದ 7 ಜನರಿಗೆ. ಈಗ ಯಾವ ತೊಂದರೆಯೂ ಇಲ್ಲ, ಪರೀಕ್ಷೆಯೂ ಸರಿಯಿದೆ ಅಂದರೆ ಸಹಜ ಹೆರಿಗೆಗೆ ಹೋಗಬಹುದು. ಸೋರಿಕೆ ಇನ್ನೂ ಇದ್ದರೆ, ಅಥವಾ ಸ್ಕ್ಯಾನಿನಲ್ಲಿ ಉಂಗುರ ಮುರಿದಿದ್ದರೆ, ಸಿಸೇರಿಯನ್ ಬಗ್ಗೆ ನಿಮ್ಮ ಜೊತೆ ಕೂತು ಮಾತಾಡಬೇಕು. ಅತ್ತೆ, ಅಮ್ಮ, ನೆರೆಮನೆಯವರು ಏನೇ ಹೇಳಲಿ, ಇದು ನೀವು ಮತ್ತು ಡಾಕ್ಟರ್ ತೀರ್ಮಾನಿಸುವ ವಿಷಯ.

ಸಹಜ ಹೆರಿಗೆ ಅಂತಾದರೆ ಮೊದಲೇ ಕೇಳಿಡುವ ಮಾತುಗಳಿವೆ. ಮಗು ಬರುವ ಹೊತ್ತಿಗೆ ಆ ಜಾಗಕ್ಕೆ ಬಿಸಿನೀರಿನಲ್ಲಿ ಹಿಂಡಿದ ಬಟ್ಟೆ ಒತ್ತಿ ಹಿಡಿದರೆ ದೊಡ್ಡ ಗಾಯಗಳು ಕಡಿಮೆಯಾಗುತ್ತವೆ. ಅದನ್ನು ಮಾಡುತ್ತೀರಾ ಅಂತ ಕೇಳಿ. ತಲೆ ಹೊರಬರುವಾಗ ನಿಧಾನಕ್ಕೆ, ಕೈ ಆಸರೆ ಕೊಟ್ಟು ಬಿಡಿಸುತ್ತೀರಾ ಅಂತ ಕೇಳಿ. ಎಲ್ಲರಿಗೂ ಸುಮ್ನೆ ಕುಯ್ಯಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದೆ. ಕುಯ್ಯಲೇಬೇಕಾದರೆ ಮಲದ್ವಾರದಿಂದ ದೂರಕ್ಕೆ, ಓರೆಯಾಗಿ, 60 ಡಿಗ್ರಿ ಕೋನದಲ್ಲಿ. 35ನೇ ವಾರದಿಂದ ನೀವೇ ಮನೆಯಲ್ಲಿ ಆ ಜಾಗಕ್ಕೆ ಎಣ್ಣೆ ಹಚ್ಚಿ ಮೆಲ್ಲಗೆ ಹಿಗ್ಗಿಸುವ ಮಸಾಜ್ ಮಾಡಬಹುದು, ಹೇಗೆ ಅಂತ ನರ್ಸ್ ತೋರಿಸುತ್ತಾರೆ.

ಹೆರಿಗೆಯಾದ ಮೇಲೆ, ಹೊಲಿಗೆ ಹಾಕುವ ಮುಂಚೆ, ಮಲದ್ವಾರದೊಳಗೆ ಬೆರಳಿಟ್ಟು ಪರೀಕ್ಷೆ ಮಾಡಿ ಅಂತ ಕೇಳಿಕೊಳ್ಳಿ. ಆಗ ನಿಮಗೆ ಮಾತಾಡುವ ತ್ರಾಣ ಇರುವುದಿಲ್ಲ. ಅದಕ್ಕೇ ಇದನ್ನು ಒಂದು ಚೀಟಿಯಲ್ಲಿ ಬರೆದು, ಆಸ್ಪತ್ರೆಗೆ ಒಯ್ಯುವ ಬ್ಯಾಗಿನಲ್ಲಿ ಮಗುವಿನ ಬಟ್ಟೆಯ ಮೇಲೇ ಇಡಿ. ಜೊತೆಗೆ ಬರುವವರ ಕೈಗೆ ಇನ್ನೊಂದು ಪ್ರತಿ ಕೊಡಿ.